ಜೆಡ್ಡಾಕ್ಕೆ ಮೂರು ತಾಸು, ವಾಪಸ್ಸಿಗೆ ಏಳೂವರೆ

ಯಾವ ದೇಶ ಸುತ್ತಿ ಬಂದರೂ ಶಹಾಪುರದ ನಮ್ಮ ಓಣಿ ನನ್ನನ್ನು ಕೇಳುವುದು ಒಂದೇ: "ಎಷ್ಟು ತಾಸಿನ ಹಾದಿ?" ಹೇಳಿದೆನೋ, ಏನಾದರೊಂದು ಆಗಿಯೇ ತೀರುತ್ತದೆ.

೧. ಹೊಟ್ಟೆಯ ಲೆಕ್ಕ

ಪಕ್ಕದ ಮನೆಯ ಚಾಚಿಗೆ ಬಸ್ಸೆಂದರೆ ವಾಂತಿ. ಸುರಪುರಕ್ಕೆ ಒಂದು ನಿಂಬೆಹಣ್ಣು, ಯಾದಗಿರಿಗೆ ಎರಡು. ಜೆಡ್ಡಾದಲ್ಲಿ ಗಂಡನ ಜೊತೆಗಿದ್ದ ಅವರ ಒಬ್ಬಳೇ ಮಗಳು ಚೊಚ್ಚಲ ಬಸುರಿ. "ಅಮ್ಮಿ, ನೀ ಬರಲಿಲ್ಲಂದ್ರ ನನಗ ಇಲ್ಲಿ ಯಾರದಾರ?" ಎಂದು ದಿನಾ ಫೋನಿನಲ್ಲಿ ಅಳು.

"ಬೇಟಿ, ಹೈದರಾಬಾದಿಂದ ಜೆಡ್ಡಾ ಎಷ್ಟು ದೂರ?" ಚಾಚಿ ನನ್ನನ್ನು ಕೇಳಿದರು.

"ನಾಲ್ಕು ಸಾವಿರ ಕಿಲೋಮೀಟರ್ ಮ್ಯಾಲ, ಚಾಚಿ."

"ನನ್ನ ಹೊಟ್ಟಿಗಿ ಕಿಲೋಮೀಟರ್ ತಿಳಿಯಂಗಿಲ್ಲ. ತಾಸು ಹೇಳು."

ಐದೂವರೆ ಎಂದೆ. ಚಾಚಿ ಬೆರಳು ಮಡಚಿದರು. "ಮೂರಾದ್ರ ತಡಕೋತೇನಿ. ಐದೂವರೆಗಿ ಬುಟ್ಟಿ ನಿಂಬಿಹಣ್ಣು ಬೇಕು. ಅದಕ್ಕೊಂದು ಬ್ಯಾರೆ ಸೀಟ್ ಕೊಡ್ತಾರೇನು?"

೨. ಇಳಿಜಾರು

ಅಳಿಯ ಚಾಚಿ-ಚಾಚಾ ಇಬ್ಬರಿಗೂ ಟಿಕೆಟ್ ಕಳಿಸಿಯೇ ಬಿಟ್ಟ. ಬೆಳಿಗ್ಗೆ ಹತ್ತಕ್ಕೆ ಹೊರಟು ಮಧ್ಯಾಹ್ನ ಒಂದಕ್ಕೆ ಜೆಡ್ಡಾ. ಬರುವಾಗ ಹತ್ತಕ್ಕೆ ಹೊರಟು ಸಂಜೆ ಐದೂವರೆಗೆ ಹೈದರಾಬಾದು.

"ಮೂರೇ ತಾಸು! ಸುಳ್ಳು ಹೇಳ್ತಿಯಲ್ಲ!" ಎಂದರು ಚಾಚಿ.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಕಾಲುವೆಯ ಗೇಟು ಕಾಯ್ದು ನಿವೃತ್ತರಾಗಿದ್ದ ಚಾಚಾ ನಡುವೆ ಬಂದರು: "ಹೋಗೂದು ಇಳಿಜಾರು, ಬರೂದು ಏರು. ನಾರಾಯಣಪುರ ಡ್ಯಾಮಿನ ನೀರು ಇಲ್ಲಿಗಿ ತಾನ ಬರ್ತದ. ತಿರುಗಿ ಕಳಸು ನೋಡೂಣು!"

ಚಾಚಿಯ ಮುಖ ಅರಳಿತು. "ಬರೂದು ಬರೂಮುಂದ ನೋಡಿದ್ರಾತು" ಎಂದರು. ಆ ಮುಖ ಕಂಡು ನಾನು ತೆಪ್ಪಗೆ ಭೂಗೋಳವನ್ನು ನೀರಾವರಿ ಇಲಾಖೆಗೆ ಒಪ್ಪಿಸಿದೆ.

೩. ಗೇಟು ಬಂದ್

ಇಳಿದ ದಿನವೇ ಫೋನು. "ಬೇಟಿ, ಒಂದಗುಳೂ ಹೊರಗ ಬರಲಿಲ್ಲ!"

"ಮೂರು ತಾಸು ದಾಟಿದ ಮ್ಯಾಲ?" ಅಳುಕುತ್ತ ಕೇಳಿದೆ.

"ಮೂರು ತಾಸಿಗೇ ಮುಟ್ಟಿತ್ತು. ಕೆಳಗ ಗೇಟ್ ಬಂದ್ ಅದ, ಅದಕ್ಕ ವಿಮಾನ ಮ್ಯಾಲೇ ನಿಂತದ ಅಂದ್ರು ನಮ್ಮನಿಯವ್ರು. ಮುಂದಿಂದೆಲ್ಲಾ ಬರೇ ನಿಂತದ್ದು. ನಿಂತ ಗಾಡ್ಯಾಗ ನನಗೆಂದೂ ವಾಂತಿ ಆಗಂಗಿಲ್ಲ."

೪. ಏರು

ಗಂಡು ಕೂಸು ಹುಟ್ಟಿತು. ನಲವತ್ತು ದಿನವೂ ತುಂಬಿತು. ವೀಸಾ ಮುಗಿಯಲು ಎರಡೇ ದಿನ ಉಳಿದಾಗ ಚಾಚಿಯ ಫೋನು: "ಏಳೂವರೆ ತಾಸಿನ ಏರು ನಾ ಏರಂಗಿಲ್ಲ. ನಾವು ಬಂದ ಮೂರು ತಾಸಿನ ವಿಮಾನದಾಗ ಕೂಡಿಸಿ ಕರಿಸ್ಕೋ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಚಾಚಿ, ಅದು ಗಡಿಯಾರದ ಫರಕು. ಬರೂದು ಬರೇ ಐದು ತಾಸು. ಹೋಗೂಮುಂದ ನೀವು ಐದೂವರೆ ತಾಸು ಹಾರಿ ಗೆದ್ದೀರಿ. ಹೆದರಬ್ಯಾಡ್ರಿ."

ಆ ಕಡೆಯಿಂದ ಸಣ್ಣ ದನಿ: "ಎಲ್ಲೂ ನಿಂತಿರಲಿಲ್ಲ?"

"ಇಲ್ಲ."

"ಪೂರಾ ಐದೂವರೆ ತಾಸು ಓಡತಿತ್ತು?"

"ಹೂಂ ಚಾಚಿ! ಆದ್ರೂ ಏನರ ಆತೇನು?"

ಫೋನು ಧಡ್ಡನೆ ಬಿತ್ತು. ಯಾರೋ ಓಡಿದ ಸಪ್ಪಳ. ನಂತರ ಚಾಚಾರ ಗಾಬರಿಯ ದನಿ:

"ಏನ್ ಹೇಳಿದಿ ಬೇಟಿ? ಚಾಪಿ ಮ್ಯಾಲ ಕುಂತಾಕಿಗಿ ವಾಂತಿ ಸುರು ಆಗ್ಯಾದಲ್ಲ!"