ರೊಟ್ಟಿ ಬಡಿಯುವವರ ಎತ್ತರ

ನಾನು ತಪ್ಪು ಹುಡುಕಿ ಹೊಟ್ಟೆ ಹೊರೆಯುವವನು. ಇದೇ ಕೆಲಸವನ್ನು ಬೀಗರ ಮನೆಯಲ್ಲಿ ಮಾಡಿದರೆ ಎರಡನೇ ಸಲ ಊಟಕ್ಕೆ ಕರೆಯುವುದಿಲ್ಲ. ಸೋಲಾಪುರದ ನಮ್ಮ ಆಫೀಸಿನಲ್ಲಿ ಮಾಡಿದರೆ ಪಗಾರ ಕೊಡುತ್ತಾರೆ. ನಮ್ಮದು ಅಡುಗೆಮನೆಯ ನಕ್ಷೆಯನ್ನು ತಾನೇ ಬರೆಯುವ ಸಾಫ್ಟ್‌ವೇರ್. ಕೋಣೆಯ ಉದ್ದ, ಅಗಲ, ಕಿಟಕಿ ಎಲ್ಲಿದೆ ಎಂದು ತುಂಬಿದರೆ ಸಾಕು, ಕಟ್ಟೆ, ಕಪಾಟು, ಡ್ರಾಯರ್ ಎಲ್ಲ ಪರದೆಯ ಮೇಲೆ ಮೂಡಿ, ಹಲಗೆ ಕೊಯ್ಯುವ ಅಳತೆ ಸಮೇತ ನೇರ ಕಾರ್ಖಾನೆಗೆ ಹೋಗುತ್ತದೆ. ಇದೆಲ್ಲ ನಡೆಯುವುದು ನಿಯಮಗಳ ಮೇಲೆ. ಕಿಟಕಿ ಇದ್ದರೆ ಅದರ ಕೆಳಗೆ ಸಿಂಕು, ಸಿಂಕಿಗೆ ಅಂಟಿಕೊಂಡು ಒಲೆ ಬೇಡ, ಹೀಗೆ. ನಿಯಮ ಮಾಡುವವರು ಪುಣೆಯ ಸಾಹೇಬರು. ಅದನ್ನು ಪರೀಕ್ಷಿಸಿ, ಎಲ್ಲಿ ಕೆಟ್ಟಿದೆ ಎಂದು ಹುಡುಕಿ ರಿಪೇರಿ ಮಾಡುವವನು ನಾನು.

ಪರೀಕ್ಷೆ ಎಂದರೆ ಸುಳ್ಳು ಗಿರಾಕಿಯ ವೇಷ ಹಾಕುವುದು. ಬಾಗಿಲೇ ಇಲ್ಲದ ಅಡುಗೆಮನೆ ಕೇಳುತ್ತೇನೆ, ಕೋಣೆಗಿಂತ ದೊಡ್ಡ ಫ್ರಿಜ್ ತರುತ್ತೇನೆ, ಪಾಪದ ಸಾಫ್ಟ್‌ವೇರ್ ಎಲ್ಲಿ ಮುಗ್ಗರಿಸುತ್ತದೆ ಎಂದು ಕಾಯುತ್ತೇನೆ. ಹೆಸರು, ವಯಸ್ಸು, ವಿಳಾಸ ಎಂದು ಖಾಲಿ ಪೆಟ್ಟಿಗೆ ಕಂಡರೆ ಯೋಚಿಸುತ್ತ ಕೂರುವುದಿಲ್ಲ, ನನ್ನದನ್ನೇ ತುಂಬಿಬಿಡುತ್ತೇನೆ. ಹೀಗಾಗಿ ಆಫೀಸಿನ ಕಂಪ್ಯೂಟರಿನಲ್ಲಿ ಲೆಕ್ಕವಿಲ್ಲದಷ್ಟು ಅಡುಗೆಮನೆಗಳಿಗೆ ನಾನೇ ಯಜಮಾನ. ನಮ್ಮ ಮನೆಯಲ್ಲಿ ಚಹಾಪುಡಿ ಎಲ್ಲಿರುತ್ತದೆ ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ಕೇಡು ಶುರುವಾದದ್ದು ಆಫೀಸಿನವರಿಗೆ ರಿಯಾಯಿತಿ ಇದೆ ಎಂದು ಮನೆಗೂ ಅಂಥದೇ ಅಡುಗೆಮನೆ ಹಾಕಿಸಿದಾಗ. ನನ್ನ ಹೆಂಡತಿ ಮಹಾದೇವಿ ನಾಗಣಸೂರಿನವಳು. ನಾನು ಉದ್ದ, ಅವಳು ಗಿಡ್ಡ. ಮದುವೆಯ ದಿನ ಫೋಟೊದವನು ನನ್ನನ್ನು ಕುರ್ಚಿಯಲ್ಲಿ ಕೂರಿಸಿಯೇ ಫೋಟೊ ತೆಗೆದ. ಹೊಸ ಕಟ್ಟೆಯ ಮುಂದೆ ನಿಂತು ಅವಳು ಜೋಳದ ಹಿಟ್ಟು ನಾದಿದಳು. ರೊಟ್ಟಿ ಬಡಿಯಬೇಕಾದರೆ ಕೈ ಮೇಲಿನಿಂದ ಬೀಳಬೇಕು. ಇಲ್ಲಿ ಕಟ್ಟೆಯೇ ಮೊಣಕೈಗಿಂತ ಮೇಲಿತ್ತು. ದೇವರ ಮುಂದಿನ ಮಣೆ ತಂದು ಅದರ ಮೇಲೆ ಹತ್ತಿ, ಮೈಭಾರವೆಲ್ಲ ಹಾಕಿ ಬಡಿದಳು. ಆ ಏಟಿಗೆ ಕೆಳಗಿನ ಡ್ರಾಯರ್ ತಾನಾಗಿ ಜಾರಿ ಬಂದು, ಚಮಚಗಳನ್ನೆಲ್ಲ ಕುಣಿಸುತ್ತ ಅವಳ ಮೊಣಕಾಲಿಗೆ ಹೊಡೆಯಿತು.

"ಏನ್ರಿ, ಇದು ಕಟ್ಟಿನೋ ಗ್ವಾಡಿನೋ? ರೊಟ್ಟಿ ಬಡ್ಯಾಕ ನಾ ಏಣಿ ಹಚ್ಚಲೇನು?" ಎಂದು ಕೂಗಿದಳು.

"ಎಲ್ಲಾ ಟೆಸ್ಟ್ ಪಾಸ್ ಆಗೈತಿ," ಎಂದೆ. ನಾನೇ ಪಾಸು ಮಾಡಿದ್ದೆ.

"ಹೌದಾ? ಹಂಗಾರ ಆ ಟೆಸ್ಟಿಗೇ ಊಟಕ್ಕ ನೀಡಂತ ಹೇಳ್ರಿ. ಈ ಕಟ್ಟಿ ಕೆಳಗ ಇಳಿಯೂ ಮಟ ನಮ್ಮನ್ಯಾಗ ರೊಟ್ಟಿ ಬಂದ್."

ನಮ್ಮೂರು ತಡವಳದ ಜೋಳ ತಿಂದು ಬೆಳೆದ ಮೈ ನನ್ನದು. ರೊಟ್ಟಿ ಇಲ್ಲದ ಊಟ ನನಗೆ ಊಟವೇ ಅಲ್ಲ. ಅನ್ನ ಉಂಡು, ಪಾವ್ ತಿಂದು, ಹೊಟ್ಟೆ ತುಂಬಿಯೂ ಹಸಿದಿರುವುದು ಹೇಗೆಂದು ಕಲಿತೆ. ಹಾಗೆ ಹಸಿದಿದ್ದಾಗಲೇ ಹೊಳೆಯಿತು, ಅಕ್ಕಲಕೋಟದಲ್ಲಿ ಏಳುತ್ತಿರುವ ಹೊಸ ಕಾಲೊನಿಯ ಮನೆಗಳಿಗೆಲ್ಲ ಇದೇ ನಿಯಮದ ಅಡುಗೆಮನೆ ಹೋಗಲಿದೆ. ಅಲ್ಲಿಗೆ ಬರುವವರು ವಾಗದರಿ, ತಡವಳದ ಕಡೆಯ ನಮ್ಮ ಮಂದಿಯೇ. ಹಲಗೆ ಕೊಯ್ದರೆಂದರೆ ಮುಗಿಯಿತು, ಓಣಿ ಓಣಿಯೇ ಮಣೆ ಹತ್ತಬೇಕು.

ಸಾಹೇಬರಿಗೆ ಫೋನ್ ಮಾಡಿದೆ. ಅವರು ಶಾಂತವಾಗಿ ಕೇಳಿಸಿಕೊಂಡು ಮರಾಠಿಯಲ್ಲಿ ಒಂದೇ ಮಾತು ಹೇಳಿದರು: ನಿಯಮ ಸರಿ ಇದೆ, ತಪ್ಪು ಬಳಸುವವರದು. ರೊಟ್ಟಿ ಕಷ್ಟವಾದರೆ ಚಪಾತಿ ಲಟ್ಟಿಸಲಿ ಎಂದು ಉಪಾಯವನ್ನೂ ಹೇಳಿಕೊಟ್ಟರು. ನನಗೆ ಮೈಯೆಲ್ಲ ಉರಿಯಿತು. ನನ್ನ ಸಾಫ್ಟ್‌ವೇರಿಗೆ ಏನಾದರೂ ಅನ್ನಿ, ಸಹಿಸಿಕೊಳ್ಳುತ್ತೇನೆ. ಗಂಗಾಳದಲ್ಲಿನ ರೊಟ್ಟಿ ತೆಗೆದು ಚಪಾತಿ ಇಡಲು ಇವರು ಯಾರು? ಫೋನ್ ಇಟ್ಟವನೇ 'ರೊಟ್ಟಿ' ಎಂಬ ಹೊಸ ಪರೀಕ್ಷೆ ಬರೆದು ಸೇರಿಸಿದೆ. ಕಟ್ಟೆ ರೊಟ್ಟಿ ಬಡಿಯುವವರ ಮೊಣಕೈಗಿಂತ ಸಾಕಷ್ಟು ಕೆಳಗಿರದಿದ್ದರೆ ಅದು ಫೇಲು, ಪರದೆಯ ಮೇಲೆ ಕೆಂಪು; ಪಾಸಾದರೆ ಹಸಿರು. ನಮ್ಮಲ್ಲಿ ಒಂದು ಪರೀಕ್ಷೆ ಕೆಂಪಾಗಿದ್ದರೂ ಸಾಫ್ಟ್‌ವೇರ್ ಮುಂದೆ ಹೋಗುವ ಹಾಗಿಲ್ಲ. ಮರುದಿನ ಪುಣೆಯ ಪರದೆಯ ಮೇಲೂ ನನ್ನ ರೊಟ್ಟಿ ಕೆಂಪಗೆ ಕೂತಿತ್ತು.

ಈ ಸಲ ಸಾಹೇಬರದೇ ಫೋನು. ಆ ಪರೀಕ್ಷೆಯನ್ನು ಈಗಿಂದೀಗ ತೆಗೆದುಹಾಕು ಎಂದರು. ಸಿಟ್ಟು ಬಂದರೆ ನನಗೆ ಮರಾಠಿ ಕೈಕೊಡುತ್ತದೆ.

"ಅದನ್ನ ತೆಗೀಬೇಕಾದ್ರ ಮದ್ಲ ನನ್ನ ತೆಗೀರಿ! ಚಪಾತಿ ಲಟ್ಟಿಸೂ ಮಂದಿ ನೀವು, ರೊಟ್ಟಿ ಬಡಿಯೂ ಮನಿಗೆ ಅಳತಿ ಹೇಳಾಕ ಬರಬ್ಯಾಡ್ರಿ!"

ಸಾಹೇಬರಿಗೆ ಕನ್ನಡ ಬಾರದು. ಆದರೆ ದನಿಗೆ ಯಾವ ಭಾಷೆಯಾದರೇನು? "ಠೀಕ್ ಆಹೇ," ಎಂದರು. ಆಯಿತು, ನೀನೇ ಸರಿಮಾಡು, ಮೊದಲು ನಿನ್ನ ಮನೆಯಲ್ಲೇ ಹಾಕಿಸಿ ಫೋಟೊ ಕಳಿಸು, ಆಮೇಲೆ ಅಕ್ಕಲಕೋಟ ಎಂದರು. ಮನೆಗೆ ಬಂದು ಇಡೀ ಯುದ್ಧವನ್ನು, ಸಾಹೇಬರ ಮಾತುಗಳ ಸಮೇತ, ಮಹಾದೇವಿಯ ಮುಂದೆ ಎರಡೆರಡು ಸಲ ವರ್ಣಿಸಿದೆ.

ಸರಿಮಾಡುವುದು ಹೇಳಿದಷ್ಟು ಸುಲಭವಿರಲಿಲ್ಲ. ಪರದೆಯ ಮೇಲೆ ಕಟ್ಟೆ ಇಳಿಸಿದರೆ ಕೆಳಗೆ ಗ್ಯಾಸ್ ಸಿಲಿಂಡರ್ ಹಿಡಿಯಲಿಲ್ಲ. ಸಿಲಿಂಡರಿನ ನಿಯಮ ಎತ್ತರದ ಜಾಗ ಹುಡುಕುತ್ತ ಹೋಗಿ ಅದನ್ನು ದೇವರ ಮಾಡದ ಗೂಡಿನಲ್ಲಿ ಕೂರಿಸಿತು. ದೇವರ ನಿಯಮ ದೇವರನ್ನು ಫ್ರಿಜ್ಜಿನ ತಲೆಯ ಮೇಲೆ ಏರಿಸಿತು. ಫ್ರಿಜ್ ಮುನಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಿತು. ಒಂದೊಂದನ್ನೇ ಬೆನ್ನಟ್ಟಿ, ಸಿಲಿಂಡರನ್ನು ಹೊರಗೋಡೆಯ ಪಕ್ಕಕ್ಕೆ ಕಳಿಸಿ, ದೇವರನ್ನು ಮರಳಿ ಮಾಡಕ್ಕೆ ತಂದು, ಕೊನೆಗೆ ಗಿರಾಕಿಗೆ ಒಂದು ಹೊಸ ಪ್ರಶ್ನೆ ಇಟ್ಟೆ: ರೊಟ್ಟಿ ಬಡಿಯುವವರ ಎತ್ತರ ಎಷ್ಟು? ಎತ್ತರಕ್ಕೆ ತಕ್ಕ ಕಟ್ಟೆ. ನಮ್ಮ ಮನೆಯ ಅಳತೆಗಳನ್ನೆಲ್ಲ ಪಟಪಟನೆ ತುಂಬಿದೆ, ರೊಟ್ಟಿ ಹಸಿರಾಯಿತು, ಅಳತೆ ಕಾರ್ಖಾನೆಗೆ ಹೋಯಿತು. ಗೆದ್ದೆ ಎಂದು ಮೇಜು ಗುದ್ದಿದೆ.

ಮಿಸ್ತ್ರಿ ಬಂದು ಹೊಸ ಕಟ್ಟೆ ಕೂರಿಸಿ ಹೋದ. ಮಹಾದೇವಿ ಅದರ ಮುಂದೆ ನಿಂತಳು. ಹಳೆಯ ಕಟ್ಟೆ ಎಷ್ಟು ಎತ್ತರವಿತ್ತೋ ಹೊಸದೂ ಹೆಚ್ಚುಕಡಿಮೆ ಅಷ್ಟೇ ಎತ್ತರವಿತ್ತು. ನಾನು ಓಡಿಹೋಗಿ ಲ್ಯಾಪ್‌ಟಾಪ್ ತೆರೆದು, ನಿಯಮವನ್ನು ಸಾಲುಸಾಲಾಗಿ ನೋಡಿದೆ. ನಿಯಮದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಎತ್ತರದ ಪೆಟ್ಟಿಗೆಯಲ್ಲಿ ಮಾತ್ರ, ನನ್ನ ಬೆರಳುಗಳ ರೂಢಿಯಂತೆ, ನನ್ನ ಎತ್ತರವಿತ್ತು.

ಹಿಂದೆಯೇ ಬಂದ ಅವಳೂ ಅದನ್ನು ನೋಡಿದಳು. ನನ್ನ ರಟ್ಟೆ ಹಿಡಿದು ಕಟ್ಟೆಯ ಮುಂದೆ ನಿಲ್ಲಿಸಿ, ಮೊಣಕೈಯನ್ನೂ ಕಟ್ಟೆಯನ್ನೂ ನೋಡಿದಳು. "ಬರೋಬ್ಬರಿ ಕುಂತೈತ್ರಿ. ಹಿಟ್ಟ ನಾ ನಾದತೀನಿ, ನೀವು ಬಡೀರಿ," ಎಂದಳು.

ಅಕ್ಕಲಕೋಟದ ಕಾಲೊನಿಗೆ ಆಮೇಲೆ ಸರಿಯಾದ ಕಟ್ಟೆಗಳೇ ಹೋದವು. ಅಲ್ಲಿ ಯಾರೂ ಮಣೆ ಹತ್ತಬೇಕಿಲ್ಲ. ಆ ಪರೀಕ್ಷೆಯನ್ನು ನಾನಿರುವವರೆಗೆ ತೆಗೆಯಲೂ ಬಿಡುವುದಿಲ್ಲ, ಪುಣೆಯಲ್ಲ, ದಿಲ್ಲಿಯಿಂದ ಫೋನ್ ಬಂದರೂ. ನನ್ನ ರೊಟ್ಟಿಯದು ಬೇರೆ ಕತೆ. ಅವತ್ತೇ ಬಡಿದ ಮೊದಲನೆಯದು ಕಟ್ಟೆಯಿಂದ ಹಂಚಿಗೆ ಹೋಗುವ ದಾರಿಯಲ್ಲೇ ಎರಡಾಯಿತು. ಎರಡನೆಯದು ನಡುವೆ ಹರಿದು ಅಂಚಿನಲ್ಲಿ ದಪ್ಪವಾಯಿತು. ಕಟ್ಟೆ ಇನ್ನೊಂದಿಷ್ಟು ತಗ್ಗಿದ್ದರೆ ಚೆನ್ನಾಗಿ ಬರುತ್ತಿತ್ತೇನೋ ಎಂದು ಗೊಣಗಿದೆ. ಸಾಹೇಬರಿಗೆ ಕಳಿಸಲೆಂದು ನನ್ನ ಫೋಟೊ ತೆಗೆಯುತ್ತಿದ್ದ ಮಹಾದೇವಿ ಫೋನಿನಿಂದ ಕಣ್ಣು ತೆಗೆಯದೆ ಹೇಳಿದಳು:

"ಕಟ್ಟಿ ಬರೋಬ್ಬರಿ ಐತ್ರಿ. ತಪ್ಪು ಬಳಸಾವ್ರದು."