ಹಳೆ ಲ್ಯಾಪ್‌ಟಾಪಿಗೆ ಮೂರು ಬೆರಳು

ನಗೋ ಸಂಗತಿ ನಾವು ಹುಡುಕ್ಕೊಂಡು ಹೋಗಬೇಕಾಗಿಲ್ಲ ನೋಡ್ರಿ. ಅವು ವಾಡಿ ಸ್ಟೇಷನ್ನಿನ್ಯಾಗ ರೈಲು ಇಳದು, ಬಗಲಾಗ ಒಂದು ಹಳೆ ಲ್ಯಾಪ್‌ಟಾಪ್ ಅವಚಿಕೊಂಡು, ಸೀದಾ ನಮ್ಮ ಅಂಗಡಿಗೇ ಬರ್ತಾವ.

ಅಂಗಡಿ ನನ್ನ ಮಗಂದು. ಝೆರಾಕ್ಸ್ ತೆಗಿತಾನ, ಮಂದಿಗೆ ಅರ್ಜಿ ತುಂಬಿ ಕೊಡ್ತಾನ. ಅದರ ಹಿಂದಿನ ಮೂಲ್ಯಾಗ ಒಂದು ಟೇಬಲ್ ಹಾಕ್ಕೊಂಡು ನನ್ನ ಮೊಮ್ಮಗಳು ಕುಂದರ್ತಾಳ. ಆಕಿ ಕಸಬು ಬ್ಯಾರೆ. ಲ್ಯಾಪ್‌ಟಾಪಿನ್ಯಾಗ ಬಾಣ ಓಡಸೋ ಚೌಕ ಪ್ಯಾಡ್ ಇರ್ತದಲ್ಲ, ಹೊಸಾವಿದ್ರ ಅದರ ಮ್ಯಾಲ ಎರಡು ಬೆರಳು ಎಳದ್ರ ಪುಟ ಸರೀತದ. ಮೂರು ಬೆರಳು ಅಡ್ಡ ಎಳದ್ರ, ಹಿಂದ ಏನೇನು ತೆರದು ಇಟ್ಟೀರಿ ಎಲ್ಲಾ ಒಮ್ಮೆಲೇ ಮುಂದ ಬಂದು ಸಾಲಾಗಿ ನಿಂದರ್ತದ. ಹಳೇವಕ್ಕ ತಿಳಿಯೋದು ಒಂದೇ ಬೆರಳು. ಈಕಿ ಅವುಗಳ ಒಳಗಿನ ಸಿಸ್ಟಮ್ ಫೈಲ್ ತಿದ್ದಿ ಆ ವಿದ್ಯಾ ಹಳೇವಕ್ಕೂ ಕಲಸ್ತಾಳ.

"ಅಂಥಾದ್ದು ಏನು ತಿದ್ದತಿ?" ಅಂತ ನಾ ಕೇಳ್ದೆ.

"ಆಯಿ, ಪ್ಯಾಡಿಗೆ ಶಕ್ತಿ ಅದ, ಪರವಾನಗಿ ಇಲ್ಲ. 'ಇದಕ್ಕ ಒಂದೇ ಬೆರಳು ಸಾಕು' ಅಂತ ಒಳಗಿನ ಫೈಲಿನ್ಯಾಗ ಬರದಾರ. ನಾ ಅಲ್ಲಿ ಹೋಗಿ ಪರವಾನಗಿ ಕೊಡ್ತೀನಿ."

"ನಮ್ಮತ್ತಿನೂ ಹಂಗೇ ಇದ್ದಳವ್ವ," ಅಂದೆ. "ಹೊಸಾ ಸೊಸಿ ಮನಿಗೆ ಬಂದ ಮ್ಯಾಲ ಹಳೇಕಿ ನನಗ ತುಪ್ಪದ ಗಡಗಿ ಮುಟ್ಟಗೊಡ್ಲಿಲ್ಲ."

ತಿದ್ದೂಕಿಂತ ಮೊದಲು ಆಕಿ ಹಳೆ ಫೈಲಿಂದೊಂದು ಕಾಪಿ ತೆಗೆದಿಡ್ತಾಳ. ಮೊಸರು ಬಡಸೂಕಿಂತ ಮೊದಲು ನಾವು ಹೆಪ್ಪಿಗೆ ಅಂತ ಒಂದು ಚಮಚಾ ತೆಗೆದಿಡಂಗಿಲ್ಲೇನು, ಹಂಗ. ಏನಾರ ಕೆಟ್ರ ಮತ್ತ ಅದರಿಂದಲೇ ಸುರು.

ಆದ್ರ ನನ್ನ ಮಗಗ ಇದು ಸರಿ ಬರ್ತಿದ್ದಿಲ್ಲ. "ಮಾಡಿದ ಕಂಪನಿಯವರೇ ಬ್ಯಾಡ ಅಂದದ್ದನ್ನ ನೀ ಯಾಕ ಮಾಡ್ತಿ? ಒಂದೇ ಒಂದು ಲ್ಯಾಪ್‌ಟಾಪ್ ನಿನ್ನ ಕೈಯಾಗ ಕೆಡಲಿ, ಈ ಟೇಬಲ್ ಎತ್ತತೀನಿ. ನೀ ಝೆರಾಕ್ಸ್ ಮಿಶಿನ್ ಮುಂದ ನಿಂದರು," ಅಂತ ಹೇಳಿಬಿಟ್ಟಿದ್ದ.

"ಕೆಡಲಿ ಮೊದಲು," ಅಂದಿದ್ದಳು ಹುಡುಗಿ. ಆ ಟೇಬಲ್ಲಿನ ಮ್ಯಾಲ ಆಕಿ ಜೀವ.

ರೊಟ್ಟಿ ಬಡಿಯೋ ಕೈ

ಫೈಲ್ ತಿದ್ದಿದ ಮ್ಯಾಲ ಸರಿ ಆಗ್ಯಾದೋ ಇಲ್ಲೋ ನೋಡ್ಲಿಕ್ಕ ಒಬ್ಬರು ಬೇಕು. ಆಕಿ ನನ್ನೇ ಕುಂದ್ರಸ್ತಾಳ. "ಆಯಿಗೆ ಬಂತಂದ್ರ ಊರಿಗೆಲ್ಲಾ ಬಂತು" ಅಂತಾಳ.

ಮೊದಲನೇ ಸಲ ಕುಂತಾಗ, "ಎರಡು ಬೆರಳು ಹಗೂರಕ ಇಡು ಆಯಿ," ಅಂದಳು. ಇಟ್ಟೆ. "ಈಗ ಮೆಲ್ಲಕ ಎಳಿ." ನಾ ಎಳಿಲಿಕ್ಕ ಹೋದೆ, ಆದ್ರ ಕೈ ನನ್ನ ಮಾತು ಕೇಳ್ಲಿಲ್ಲ. ಸಣ್ಣಾಕಿದ್ದಾಗಿಂದ ಜ್ವಾಳದ ರೊಟ್ಟಿ ಬಡದ ಕೈ. ತಟಪಟ ತಟಪಟ ಸುರು ಮಾಡ್ತು. ರೊಟ್ಟಿಯಂಗ ಪ್ಯಾಡ್ ತಿರಗಸ್ಲಿಕ್ಕೂ ನೋಡ್ದೆ, ತಿರಗಲಿಲ್ಲ.

"ಆಯಿ, ಬಿಡು, ಬಿಡು! ಏನೇನೋ ತೆರೀಲಿಕತ್ತದ!"

ಅಷ್ಟರಾಗ ಆ ಕಡಿ ಪ್ರಿಂಟರ್ ಗರ್ರ್ ಅಂತು. ಒಂದರ ಮ್ಯಾಲ ಒಂದು ಕಾಗದ ಹೊರಗ ಬೀಳ್ಲಿಕತ್ವು. ನನ್ನ ಮಗ ಓಡಿ ಬಂದ. "ಯಾರು ಕೊಟ್ಟಾರ ಈ ಪ್ರಿಂಟು?"

ನಾ ಎದ್ದು ಹೋಗಿ ಒಂದು ಕಾಗದ ಕೈಯಾಗ ಹಿಡದು ನೋಡ್ದೆ. ಬಿಸಿ ಬಿಸಿ!

"ಸಿಟ್ಟಾಗಬ್ಯಾಡೋ ತಮ್ಮಾ," ಅಂದೆ. "ಬಡದದ್ದು ಇಲ್ಲಿ, ಬೆಂದದ್ದು ಅಲ್ಲಿ."

ಐದು ಬೇಕು ಅಂದವರು

ಚಿಂಚೋಳಿ ಕಡಿಂದ ಒಬ್ಬ ತೊಗರಿ ಸಾವಕಾರ್ರು ಬಂದ್ರು. ಕುಂದ್ರೂಕಿಂತ ಮೊದಲೇ, "ನಮ್ಮ ಅಳಿಯನ ಹೊಸ ಲ್ಯಾಪ್‌ಟಾಪಿಗೆ ನಾಕು ಬೆರಳು ನಡೀತಾವಂತ. ನನ್ನ ಹಳೇದಕ್ಕ ಐದು ಹಾಕು," ಅಂದ್ರು.

"ಐದು ಯಾಕ್ರೀ? ಮೂರೇ ಭಾಳ ಆದ್ವು."

"ಮಾವಗ ಅಳಿಯಕಿಂತ ಒಂದು ಹೆಚ್ಚಿಗಿ ಇರಬ್ಯಾಡೇನು? ಹಾಕು ತಂಗಿ."

ಮೊಮ್ಮಗಳು ತನ್ನ ಅಂಗೈ ಪೂರಾ ಅಗಲ ಮಾಡಿ ಅವರಿಗೆ ತೋರಸಿದಳು. "ಕಾಕಾರ, ನೀವೇ ನೋಡ್ರಿ. ಐದೂ ಬೆರಳು ಒಮ್ಮೆಲೇ ಬಿದ್ರ ಅದಕ್ಕ ಪುಟ ತಿರುವು ಅಂದಂಗ ಆಗಂಗಿಲ್ಲ. ಕಪಾಳಕ್ಕ ಕೊಟ್ಟಂಗ ಆಗ್ತದ."

ಸಾವಕಾರ್ರು ತಮ್ಮ ಅಂಗೈ ತಿರುವಿ ನೋಡ್ಕೊಂಡ್ರು. "ಆಯ್ತು, ನನಗ ಮೂರೇ ಇರಲಿ," ಅಂದ್ರು. "ಅಳಿಯ ಬಂದಾಗ ಆ ಐದು ನೋಡೋಣು."

ಚಾದಾಗ ಅದ್ದಿದ ಬೆರಳು

ಶಹಾಬಾದಿನ ಒಬ್ಬ ಕಾಕಾ. ಜಲಮೆಲ್ಲಾ ನೆಲಕ್ಕ ಹಾಸೋ ಪರಸಿ ಕಲ್ಲು ನುಣ್ಣಗ ಮಾಡೋ ಕೆಲಸ. ಕಲ್ಲು ತಿಕ್ಕಿ ತಿಕ್ಕಿ ಅವನ ಬೆರಳಿನ ತುದಿನೂ ಕಲ್ಲಿನಂಗೇ ನುಣ್ಣಗ, ಒಣಾ ಒಣಾ. ಅವ ಮುಟ್ಟಿದ್ರ ಪ್ಯಾಡಿಗೆ ಯಾರೋ ಬಂದಾರಂತ ಗೊತ್ತೇ ಆಗ್ತಿದ್ದಿಲ್ಲ.

"ಮಗಳು ಮೊಮ್ಮಕ್ಕಳ ಫೋಟೋ ಕಳಸ್ತಾಳವ್ವಾ," ಅಂದ ನನಗ. "ನೋಡಬೇಕಂದ್ರ ಬಾಣ ಜಾಗಾ ಬಿಟ್ಟು ಏಳಂಗಿಲ್ಲ. ಚಾದಾಗ ಬೆರಳು ಅದ್ದಿ ಇಟ್ರ ಮಾತ್ರ ಎದ್ದು ಹೋಗ್ತದ."

ಮೊಮ್ಮಗಳು ನಕ್ಕಳು. ಫೈಲ್ ತಿದ್ದಿ ಪ್ಯಾಡಿನ ಕಿವಿ ಥೋಡೆ ಚುರುಕು ಮಾಡಿದಳು. ಸಂಗಾಟ ಎರಡು ಬೆರಳಿನ ವಿದ್ಯಾನೂ ಕಲಸಿದಳು. "ಇನ್ನ ಒಣಾ ಬೆರಳೇ ಸಾಕು ಕಾಕಾ. ಚಾ ನೀವು ಕುಡೀರಿ."

ಕಾಕಾ ಆಯ್ತಂತ ಹೋದ. ಆದ್ರ ಹೊಸಾದರ ಮ್ಯಾಲ ಅವಗ ಭರೋಸಾ ಇಲ್ಲ. ಯಾಕ ಬೇಕಂತ ಮನ್ಯಾಗ ಹಂಗೇ ಅದ್ದಿ ಅದ್ದಿ ಎಳದಾನ. ಈಗಂತೂ ಎರಡೆರಡು ಬೆರಳು. ಸ್ವಲ್ಪ ದಿನಕ್ಕ ಮತ್ತ ಬಂದ. ಲ್ಯಾಪ್‌ಟಾಪ್ ತೆರದ್ರ ಕೀಲಿಗಳ ಸಂದಿನಿಂದ ಇರುವಿ ಸಾಲಾಗಿ ಎದ್ದು, ಪ್ಯಾಡ್ ದಾಟಿ, ಟೇಬಲ್ ಇಳದು ಹೊಂಟ್ವು. ಬೆಲ್ಲದ ಚಾ ಅಂತ ಕಾಣಸ್ತದ.

ಕಾಕಾ ಬಗ್ಗಿ ನೋಡಿ ಮಾರಿ ಸಣ್ಣದು ಮಾಡ್ಕೊಂಡ. "ತಂಗಿ, ಇವು ಪ್ಯಾಡಿನ ಮ್ಯಾಲೇ ಓಡ್ಯಾಡ್ತಾವ, ಬಾಣ ಅಲ್ಲಾಡವಲ್ದು. ಮತ್ತ ಕೆಡ್ತೇನು?"

"ಇಲ್ಲ ಕಾಕಾ, ಸರಿ ಅದ," ಅಂದಳು ಮೊಮ್ಮಗಳು. "ಅವಕ್ಕ ಆರಾರು ಕಾಲು. ನಾ ಅಲ್ಲೀತನ ಇನ್ನಾ ತಿದ್ದಿಲ್ಲ."

ಮ್ಯಾಲೋ, ಕೆಳಗೋ

ಸೇಡಂದಾಗ ಒಂದು ಜೋಡಿ. ಗಂಡ ಮಾಸ್ತರ್ರು, ಹೆಂಡತಿ ಬಾಯಾರು, ಇಬ್ರೂ ಸಾಲ್ಯಾಗ ಕಲಸ್ತಾರ, ಲ್ಯಾಪ್‌ಟಾಪ್ ಮಾತ್ರ ಒಂದೇ. ಅದಕ್ಕ ಎರಡು ಬೆರಳು ಕಲಿಸಿ ಕೊಟ್ಟಳು ನಮ್ಮಾಕಿ. ಅಲ್ಲಿಂದ ಹತ್ತಿತು ನೋಡ್ರಿ ಜಗಳ. ಬೆರಳು ಕೆಳಗ ಎಳದ್ರ ಪುಟಾನೂ ಕೆಳಗ ಬರಬೇಕು ಅಂತ ಮಾಸ್ತರ್ರು. ಬೆರಳು ಕೆಳಗ ಬಂದ್ರ ಪುಟ ಮ್ಯಾಲ ಹೋಗಬೇಕು ಅಂತ ಬಾಯಾರು.

ಮಾಸ್ತರ್ರು ಒಬ್ರೇ ಬಂದು, "ಉಲ್ಟಾ ಆಗ್ಯಾದ ತಂಗಿ, ಸರಿ ಮಾಡು," ಅಂದು ಮಾಡಿಸ್ಕೊಂಡು ಹೋದ್ರು. ಮುಂದಿನ ವಾರ ಬಾಯಾರು ಒಬ್ರೇ ಬಂದು, "ಯಾರೋ ಉಲ್ಟಾ ಮಾಡ್ಯಾರವ್ವಾ," ಅಂದ್ರು. ಯಾರು ಮಾಡ್ಯಾರಂತ ಅವರಿಗೂ ಗೊತ್ತು, ನಮಗೂ ಗೊತ್ತು. ಹಿಂಗೇ ನಡದಿತ್ತು.

ಒಂದಿನ ಮಾಸ್ತರ್ರು ಲ್ಯಾಪ್‌ಟಾಪ್ ತೊಗೊಂಡು ರೈಲು ಇಳದು ಬಂದು ಕುಂತ್ರು. ಅದೇ ರೈಲಿನ ಹೆಣ್ಣುಮಕ್ಕಳ ಡಬ್ಬಿ ಇಳದು ಬಾಯಾರೂ ಬಾಗಲಾಗ ನಿಂತ್ರು.

"ನೀ ಯಾಕ ಬಂದಿ?" ಅಂದ್ರು ಮಾಸ್ತರ್ರು.

"ನಿಮ್ಮ ಮಾತು ಕೇಳಬ್ಯಾಡ ಅಂತ ಹೇಳ್ಲಿಕ್ಕ ಬಂದೆ!" ಅಂದ್ರು ಬಾಯಾರು.

ಮೊಮ್ಮಗಳು ಇಬ್ಬರಿಗೂ ನೀರು ಕೊಟ್ಟು ಕುಂದ್ರಸಿ, ಒಂದೇ ಲ್ಯಾಪ್‌ಟಾಪಿಗೆ ಎರಡು ಬಾಗಲಾ ಮಾಡಿಕೊಟ್ಟಳು. ಮಾಸ್ತರ್ರ ಹೆಸರಿನಿಂದ ಒಳಗ ಹೋದ್ರ ಅವರಂಗ ನಡೀತದ, ಬಾಯಾರ ಹೆಸರಿನಿಂದ ಹೋದ್ರ ಬಾಯಾರಂಗ. ಇಬ್ರೂ ಖುಷಿಯಾಗಿ ಹೋದ್ರು.

ಮುಂದಿನ ಸಲ ಇಬ್ರೂ ಜೋಡೀಲೆ ಬಂದ್ರು, ಮಾರಿ ಸಪ್ಪಗ. "ತಂಗಿ, ಮತ್ತ ಒಂದೇ ಬಾಗಲಾ ಮಾಡಿಬಿಡು," ಅಂದ್ರು ಬಾಯಾರು. "ಸಂಜಿಗೆ ಮಾತಾಡ್ಲಿಕ್ಕ ಏನೂ ಉಳದಿಲ್ಲ."

ಖಂಡೇ ಪೂಜಿ

ದಸರಾ ಹತ್ರ ಬಂದಾಗ ನನ್ನ ಮಗನ ಸ್ವಂತ ಲ್ಯಾಪ್‌ಟಾಪ್ ಕೆಡ್ತು. ಅವ ಅಂಗಡ್ಯಾಗ ಒಂದು ಬಟ್ಟಿ ಪರದೆ ಹಿಂದ ಕುಂದರ್ತಾನ, "ಅರ್ಜಿ ಕೆಲಸ ಭಾಳ ಅದ, ಯಾರೂ ಒಳಗ ಬರಬ್ಯಾಡ್ರಿ" ಅಂತಾನ. ಅದೇ ಲ್ಯಾಪ್‌ಟಾಪು. ಒಂದು ಬೆರಳು ಇಟ್ರ ಬಾಣ ಮಿಡತಿಯಂಗ ಜಿಗದು ಮೂಲಿಗೆ ಹೋಗ್ಲಿಕತ್ತಿತ್ತು. ಕಡೀಕ ಅವ ಬ್ಯಾರೆ ಮೌಸ್ ಹಚ್ಕೊಂಡ.

"ನೋಡವ್ವಾ ನಿನ್ನ ಮೊಮ್ಮಗಳ ಕೆಲಸ!" ಅಂತ ಪರದೆ ಸರಿಸಿ ಬಂದ.

"ಅಪ್ಪಾ, ನಾ ನಿಂದು ಮುಟ್ಟೇ ಇಲ್ಲ."

"ನೀ ಅಲ್ಲದ ಈ ಅಂಗಡ್ಯಾಗ ಫೈಲ್ ತಿದ್ದವರು ಯಾರು ಅದಾರ?"

 ಖರೇನೇ, ಬ್ಯಾರೆ ಯಾರದಾರ? "ಕೊಡು, ನೋಡ್ತೀನಿ," ಅಂತ ಹುಡುಗಿ ಅಂದ್ರ ಅವ ಕೈ ಹಚ್ಚಗೊಡ್ಲಿಲ್ಲ. "ಪೂಜಿ ಆಗಲಿ. ಅದು ಮುಗೀತಂದ್ರ ಟೇಬಲ್ ಎತ್ತತೀನಿ," ಅಂದ. ಆ ದಿನ ಹುಡುಗಿ ಅರ್ಧಾ ರೊಟ್ಟಿ ಬಿಟ್ಟು ಎದ್ದಳು. ಪೂಜಿ ದಿನ ಮುಂಜಾನಿ ಆ ಟೇಬಲ್ ಒರಸಿದ್ದೇ ಒರಸಿದ್ದು. ನನಗ ನೋಡ್ಲಿಕ್ಕ ಆಗ್ಲಿಲ್ಲ.

ಖಂಡೇ ಪೂಜಿ ಅಂದ್ರ ಕೆಲಸದ ಸಾಮಾನಿಗೆಲ್ಲಾ ಪೂಜಿ. ಶಹಾಬಾದಿನ ಕಾಕಾ ಬಂದಿದ್ದ, ಸೇಡಂದ ಗಂಡ ಹೆಂಡತಿ ಬಂದಿದ್ರು. ನಮ್ಮ ಮನ್ಯಾಗ ಒಂದು ರೂಢಿ: ಮಲಗಿದ ಸಾಮಾನಿಗೆ ಪೂಜಿ ಇಲ್ಲ. ಝೆರಾಕ್ಸ್ ಮಿಶಿನಿನಿಂದ ಒಂದು ಕಾಗದ ತೆಗಿಬೇಕು, ಕತ್ರಿಯಿಂದ ಒಂದು ಚೂರು ಕತ್ತರಿಸಬೇಕು, ಆಮ್ಯಾಲೇ ವಿಭೂತಿ.

"ಲ್ಯಾಪ್‌ಟಾಪ್ ತೆರಿ," ಅಂದೆ ಮಗಗ.

"ಮುಚ್ಚಿದ್ದಕ್ಕೇ ಹಚ್ಚವ್ವಾ."

"ಎಚ್ಚರ ಇಲ್ಲದ್ದಕ್ಕ ಹಚ್ಚಂಗಿಲ್ಲ. ತೆರಿ!"

ತೆರದ. ಗಡಿಬಿಡೀಲೆ ಮೌಸ್ ಒತ್ತಿ ಒಂದು ದೇವರ ಫೋಟೋ ತಂದು ಸ್ಕ್ರೀನ್ ತುಂಬ ಹಚ್ಚಿದ. ನಾ ಕೈಮುಗದೆ. ವಿಭೂತಿ ನೀರಾಗ ಕಲಸಿಕೊಂಡು ನೋಡ್ದೆ, ಇದರ ಹಣಿ ಯಾವುದು? ಮ್ಯಾಲ ದೇವರೇ ಕುಂತಾನ, ಅವನ ಮ್ಯಾಲ ಹಚ್ಚಂಗಿಲ್ಲ. ಕೆಳಗ ಆ ಪ್ಯಾಡ್ ಖಾಲಿ ಇತ್ತು, ಬರಾಬ್ಬರ್ ಹಣಿಯಂಗೇ. ಮೂರು ಬೆರಳು ಅದ್ದಿ, ಎಡಕಿನಿಂದ ಬಲಕ್ಕ, ಅಡ್ಡ ಎಳದೆ.

ದೇವರ ಫೋಟೋ ಸಣ್ಣದಾಗಿ ಪಕ್ಕಕ್ಕ ಸರೀತು. ಹಿಂದಿಂದೆಲ್ಲಾ ಮುಂದ ಬಂದು ಸಾಲಾಗಿ ನಿಂತಿತು.

ಒಂದರಾಗ ಕೇರಂ ಆಟ, ಅರ್ಧಾ ಆಡಿದ್ದು. ಉಳದದ್ದು ಅಕ್ಷರ, ನನಗ ಕೂಡಿಸಿ ಓದೂದ್ರಾಗ ಸಂಜಿ ಆಗ್ತದ. ಸೇಡಂ ಬಾಯಾರು ಚಸ್ಮಾ ಏರಿಸಿ, ಸಾಲ್ಯಾಗ ಓದಿದಂಗ ಜೋರಾಗಿ ಓದಿದ್ರು: "'ಬೋಳು ತಲ್ಯಾಗ ಕೂದಲ ಬರಸೋ ಮನಿಮದ್ದು'. ಇದೊಂದು. ಮತ್ತ ಇದು... 'ಹಳೆ ಲ್ಯಾಪ್‌ಟಾಪಿಗೆ ಮೂರು ಬೆರಳು, ನೀವೇ ಫೈಲ್ ತಿದ್ದಿಕೊಳ್ರಿ'. ವಿಡಿಯೋ ಅದ, ಅರ್ಧಾ ನೋಡಿ ನಿಲ್ಲಿಸ್ಯಾರ."



ಮೊಮ್ಮಗಳು ಮೆಲ್ಲಕ ಅಂದಳು: "ಈ ಮಾಡೆಲ್ಲಿಗೆ ಫೈಲ್ ತಿದ್ದದೇ ಮೂರು ಬೆರಳು ನಡ್ಯಂಗಿಲ್ಲ. ಈಗ ನಡೀತು. ಅಂದ್ರ ಯಾರೋ ತಿದ್ದ್ಯಾರ. ಮೂರು ಬೆರಳು ಬಂದಾವ, ಇದ್ದ ಒಂದು ಹೋಗ್ಯಾದ."

ಎಲ್ಲಾರೂ ನನ್ನ ಮಗನ ಕಡಿ ನೋಡಿದ್ರು. ಅವ ಟೋಪಿ ಸರಿ ಮಾಡ್ಕೊಂಡ.

"ಊರ ಮಂದಿಗೆಲ್ಲಾ ಮಾಡಿಕೊಡ್ತಿ," ಅಂದ ಮಗಳಿಗೆ. "ನನಗೂ ಆಸಿ ಆಯ್ತು. ಬ್ಯಾಡ ಬ್ಯಾಡ ಅಂದಾವ ನಾನೇ, ಯಾವ ಬಾಯಿಲೆ ಕೇಳ್ಲಿ?"

"ಹಳೆ ಫೈಲಿನ ಕಾಪಿ ಇಟ್ಟೀಯೇನಪ್ಪಾ?"

ಅವ ಫ್ಯಾನ್ ನೋಡ್ಲಿಕತ್ತ.

"ಹೆಪ್ಪಿಗೂ ಬಿಡದಂಗ ಗಡಗಿ ನೆಕ್ಕ್ಯಾನ!" ಅಂದೆ. ಸೇಡಂದ ಗಂಡ ಹೆಂಡತಿ ಅವತ್ತೊಂದಿನ ಇಬ್ರೂ ಒಂದೇ ಕಡಿಂದ ನಕ್ಕರು.

ಅಂಥಾದ್ದೇ ಲ್ಯಾಪ್‌ಟಾಪಿನ ಫೈಲ್ ಹುಡುಗಿ ಹತ್ರ ಇತ್ತು. ಅಪ್ಪನ್ನ ಗಿರಾಕಿ ಸ್ಟೂಲಿನ ಮ್ಯಾಲ ಕುಂದ್ರಸಿ, ಅದರಿಂದ ಸರಿ ಮಾಡಿ ಕೈಗೆ ಕೊಟ್ಟಳು. ಒಂದು ಬೆರಳೂ ನಡೀತು, ಮೂರೂ ನಡದ್ವು.

ಅವ ಎದ್ದು ನಿಂತ. "ಪೂಜಿ ಆದ ಮ್ಯಾಲ ಟೇಬಲ್ ಎತ್ತತೀನಿ ಅಂದಿದ್ದೆ. ಎತ್ತತೀನಿ," ಅಂದ. ಹುಡುಗಿ ಮಾರಿ ಬಾಡಿತು. ಅವ ಶಹಾಬಾದಿನ ಕಾಕಾನ ಕರದು ಇಬ್ರೂ ಎರಡು ಕಡಿ ಹಿಡದು ಎತ್ತಿದ್ರು. ಎತ್ತಿ ತಂದು ಅಂಗಡಿ ಮುಂದಿನ ಬಾಗಲ ಹತ್ರ ಇಟ್ರು, ರೈಲು ಇಳದವರಿಗೆ ಮೊದಲು ಅದೇ ಕಾಣಬೇಕು, ಹಂಗ.

ಆಮ್ಯಾಲ ನನ್ನ ಮಗ ಟೋಪಿ ತೆಗದು ನನ್ನ ಮುಂದ ತಲಿ ಬಾಗಿಸಿದ. ನಾ ಮೂರು ಬೆರಳು ವಿಭೂತಿಯಾಗ ಅದ್ದಿ ಅವನ ಹಣಿ ಮ್ಯಾಲ ಅಡ್ಡ ಎಳದೆ. ಎಲ್ಲಾರೂ ಉಸಿರು ಹಿಡದು ಅವನ ಮಾರೀನೇ ನೋಡ್ಲಿಕತ್ರು.

"ಏನ್ರೋ ಹಂಗ ನೋಡ್ತೀರಿ?" ಅಂದೆ.

"ಮೂರು ಬೆರಳು ಎಳದೀಯಲ್ಲವ್ವಾ," ಅಂದ ಶಹಾಬಾದಿನ ಕಾಕಾ. "ಇವನ ಹಿಂದಿನಿಂದ ಇನ್ನಾ ಏನೇನು ಮುಂದ ಬರ್ತದೋ ಅಂತ ಕಾಯ್ಲಿಕತ್ತೀವಿ."