ತಾ, ತಾತ, ಟಾಟಾ

ನನ್ನ ಮೊಮ್ಮಗಳ ಬಾಯಿಂದ ಬರುವ ಮೊಟ್ಟಮೊದಲ ಮಾತು 'ತಾತ' ಎಂದೇ ಆಗಿರುತ್ತದೆ, ಆಗಿಯೇ ತೀರುತ್ತದೆ ಎಂದು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಘೋಷಿಸುವುದು ನನಗೇನೂ ಹೊಸದಲ್ಲ. ಬಸ್ ನಿಲ್ದಾಣದಲ್ಲಿ 'ಪ್ರಯಾಣಿಕರ ಗಮನಕ್ಕೆ' ಎಂದು ಮೊಳಗುವ ಕಂಚಿನ ಕಂಠ ಇದೆಯಲ್ಲ, ಅದರ ಮಾಲೀಕ ನಾನೇ! ನಾನು ಬಾಯಿ ತೆರೆದರೆ ಚಾವಣಿಯ ಪಾರಿವಾಳಗಳು ಹಾರುತ್ತವೆ. ಬೆಂಚಿನ ಮೇಲೆ ಮಲಗಿದವರು ಧಡಕ್ಕನೆ ಎದ್ದು ಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ. ಅಂಥವನ ಮೊಮ್ಮಗಳು ಬೇರೆ ಯಾರನ್ನೋ ಮೊದಲು ಕರೆಯುವುದುಂಟೆ? ಛೆ!

"'ತ' ದಂತ್ಯಾಕ್ಷರ ಕಣ್ರೀ. ಅದಕ್ಕೆ ಹಲ್ಲು ಬೇಕು," ಎಂದಳು ನನ್ನ ಹೆಂಡತಿ. ಅವಳು ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತಳಾದವಳು. ನಿವೃತ್ತಿ ಶಾಲೆಗೆ ಮಾತ್ರ, ನನಗಲ್ಲ.

"'ತಾತ'ದಲ್ಲಿ ಇರೋದು ಎರಡೇ ಅಕ್ಷರ. ಮಗೂಗೆ ಹಲ್ಲೂ ಎರಡು ಬಂದಿವೆ. ಲೆಕ್ಕ ಸರಿಹೋಯ್ತಲ್ಲ!"

ಮನೆಯಲ್ಲಿ ಆಗ ಮಗಳು, ಅಳಿಯ ಇಬ್ಬರೂ ಇದ್ದರು. ಅಳಿಯ ಸರಕು ಹಡಗಿನಲ್ಲಿ ಎಂಜಿನಿಯರ್. ರಜೆಯ ಮೇಲೆ ಬಂದಿದ್ದ. ಮೊಮ್ಮಗಳಿಗೆ ನಾವಿಟ್ಟ ಅಡ್ಡಹೆಸರು ಬುಗುರಿ. ತೆವಳುವುದನ್ನು ಬಿಟ್ಟು, ಕೂತುಕೊಂಡೇ ಕುಂಡೆಯ ಮೇಲೆ ಗಿರ್ರನೆ ತಿರುಗುತ್ತ ಮನೆಯೆಲ್ಲ ಸುತ್ತುತ್ತಿದ್ದಳು.

ತರಬೇತಿ ಆರಂಭವಾಯಿತು. ಹಲ್ಲುಜ್ಜುವಾಗ 'ತಾತ', ಶೂ ಕಟ್ಟುವಾಗ 'ತಾತ'. ಅವಳು ನಿದ್ದೆಗೆ ಜಾರುವಾಗ ಕಿವಿಯ ಹತ್ತಿರ ಮೆಲ್ಲಗೆ 'ತಾತ'. ನನ್ನ ಮೆಲುದನಿಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು ಎನ್ನುವುದು ಬೇರೆ ಮಾತು.

ಒಂದು ಭಾನುವಾರ ಬೆಳಿಗ್ಗೆ ಆ ಮುಹೂರ್ತ ಬಂದೇಬಿಟ್ಟಿತು. ಅಡುಗೆಮನೆಯ ನೆಲದ ಮೇಲೆ ಕೂತಿದ್ದ ಬುಗುರಿ ನಮ್ಮೆಲ್ಲರನ್ನೂ ಒಮ್ಮೆ ಸುತ್ತಿ ನೋಡಿ, ಜೊಲ್ಲಿನ ಗುಳ್ಳೆಯೊಂದನ್ನು ಒಡೆದು, ಸ್ಪಷ್ಟವಾಗಿ ನುಡಿದಳು: "ತಾ-ತಾ!"

ನಾನು ಕೈಯಲ್ಲಿದ್ದ ಕಾಫಿ ಲೋಟದ ಸಮೇತ ಕುಣಿದೆ. ಕಾಫಿ ಗೋಡೆಯ ಮೇಲೆ ಒಂದು ನಕಾಶೆ ಬರೆಯಿತು. ಆ ನಕಾಶೆಯ ದೇಶಗಳಿಗಾಗಿಯೇ ಯುದ್ಧ ಹುಟ್ಟುತ್ತದೆ ಎಂದು ನನಗೇನು ಗೊತ್ತಿತ್ತು!

"ಮಾವ, ಅವಳು ನನ್ನ ಕಡೆ ನೋಡ್ಕೊಂಡು ಅಂದ್ಲು," ಎಂದ ಅಳಿಯ.

"ನೋಡಿದ್ದು ಯಾರ ಕಡೆಗಾದ್ರೂ ಇರ್ಲಿ. ಅಂದಿದ್ದು 'ತಾತ' ಅಂತ ತಾನೇ?"

"ಪೋಲೆಂಡಿನಲ್ಲಿ 'ತಾತ' ಅಂದ್ರೆ ಅಪ್ಪ."

"ಮಗು ಪೋಲೆಂಡಿಂದ ಬಂದಿದೆಯೇನಪ್ಪ?"

"ರುಮೇನಿಯಾದಲ್ಲೂ ಅಪ್ಪನೇ. ದಕ್ಷಿಣ ಆಫ್ರಿಕಾದಲ್ಲಿ ಖೋಸಾ ಮಾತಾಡೋರು ಅಪ್ಪನ್ನ 'ತಾತ' ಅಂತಾರೆ. ಸಿಂಹಳದಲ್ಲಿ 'ತಾತ್ತಾ' ಅಂದ್ರೂ ಅಪ್ಪ. ಆ ಬಂದರುಗಳಲ್ಲೆಲ್ಲ ನಾನೇ ಕಿವಿಯಾರೆ ಕೇಳಿದೀನಿ, ಮಾವ."

ದೇಶಗಳು ಒಂದೊಂದಾಗಿ ಅಳಿಯನ ಪಾಲಾಗುತ್ತಿದ್ದವು. ನಾನು ಸುಮ್ಮನಿರುವ ಆಸಾಮಿಯೇ? ಮೊಬೈಲ್ ಹಿಡಿದು ಸೋಫಾದ ಹಿಂದೆ ಕೂತು ದಂಡು ಕಟ್ಟಿದೆ. ಚಿಲಿ ದೇಶದಲ್ಲಿ 'ತಾತ' ಎಂದರೆ ಅಜ್ಜ! ಹಂಗೇರಿಯಲ್ಲೂ ಮುದುಕನಿಗೆ, ಅಜ್ಜನಿಗೆ ಅದೇ ಮಾತು! ಎರಡು ದೇಶ ಗೆದ್ದ ಚಕ್ರವರ್ತಿಯ ಹಾಗೆ ಎದ್ದು ಬಂದೆ.

"ಸ್ಪೇನಿನಲ್ಲಿ ಮಗು ನೋಡ್ಕೊಳ್ಳೋ ಆಯಾನ್ನ 'ತಾತ' ಅಂತಾರೆ," ಎಂದು ಅಳಿಯ ಇನ್ನೊಂದು ಬಾಣ ಬಿಟ್ಟ.

"ಹಾಗಾದ್ರೆ ಅವಳು ಕರೆದಿದ್ದು ನನ್ನನ್ನೇ," ಎಂದಳು ಹೆಂಡತಿ. "ಈ ಮನೇಲಿ ಒದ್ದೆ ಬಟ್ಟೆ ಬದಲಾಯಿಸೋಳು ನಾನೊಬ್ಳೇ."

"ಆಫ್ರಿಕಾದ ಸ್ವಾಹಿಲಿ ಭಾಷೇಲಿ ಮಾತ್ರ ಬೇರೆ ಅರ್ಥ, ಅತ್ತೆ. ಸಿಕ್ಕು, ಗೋಜಲು ಅಂತ."

"ಓ, ಹಾಗಾದ್ರೆ ನಿಮ್ಮ ಮಾವನ್ನೇ ಕರೆದಿದ್ದು ಬಿಡಿ!"

ಎಲ್ಲರೂ ನಕ್ಕರು. ನನ್ನ ಸ್ವಾಭಿಮಾನ ಕೆರಳಿತು. ಪರದೇಶಗಳ ಹಂಗೇ ಬೇಡವೆಂದು ಅಟ್ಟದಿಂದ ದಪ್ಪನೆಯ ಕನ್ನಡ ನಿಘಂಟನ್ನು ಇಳಿಸಿದೆ. ಧೂಳು ಕೊಡವಿ, ಗಂಟಲು ಸರಿಮಾಡಿಕೊಂಡು, ಮೈಕಿನ ದನಿಯಲ್ಲಿ ಓದಿದೆ: "ತಾತ. ನಾಮಪದ. ಸಂಸ್ಕೃತದಿಂದ ಬಂದದ್ದು. ಮೊದಲನೆಯ ಅರ್ಥ..."

ಅಲ್ಲಿಗೆ ನನ್ನ ಕಂಚಿನ ಕಂಠ ಹಿತ್ತಾಳೆಯಾಯಿತು.

"ಏನಂತೆ ಮೊದಲನೇ ಅರ್ಥ?" ಅಳಿಯ ಕತ್ತು ಚಾಚಿದ.

"ಅಕ್ಷರ ಸಣ್ಣದು. ಕಾಣಿಸ್ತಿಲ್ಲ."

ಹೆಂಡತಿ ಬಗ್ಗಿ, ನನ್ನ ಹೆಬ್ಬೆರಳನ್ನು ಪುಟದ ಮೇಲಿಂದ ಎತ್ತಿ ಓದಿದಳು: "ತಂದೆ!"

ಮಗಳು ಇಷ್ಟು ಹೊತ್ತೂ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. "ಅಪ್ಪ, ಎಲ್ಲ ದೇಶದ ಮಕ್ಳಿಗೂ ಮೊದಮೊದಲು ಸುಲಭವಾಗಿ ಬರೋದು 'ಮಾಮಾ', 'ಪಾಪಾ', 'ತಾತಾ' ಅನ್ನೋ ಸದ್ದುಗಳೇ. ಅವು ಸುಮ್ನೆ ಸದ್ದು ಮಾಡ್ತವೆ. ದೊಡ್ಡವರು ತಮ್ಮನ್ನೇ ಕರೀತು ಅಂದ್ಕೊಂಡು ಹಿಗ್ತಾರೆ. ಆ ಮಾತೆಲ್ಲ ಹುಟ್ಟಿದ್ದೇ ಹಾಗಂತೆ."

"ಸುಮ್ನೆ ಸದ್ದು ಅಲ್ಲ ಕಣೇ," ಎಂದಳು ಹೆಂಡತಿ. ಮೇಜಿನ ಮೇಲಿದ್ದ ಚಮಚವನ್ನು ತೆಗೆದು ಬುಗುರಿಯ ಕೈಗಿತ್ತಳು. "'ತಾ, ತಾ' ಅಂತ ಅಚ್ಚ ಕನ್ನಡದಲ್ಲಿ ಕೇಳ್ತಿದಾಳೆ. ತಂದುಕೊಡೋಕೆ ಯಾರಿಗೂ ಪುರಸೊತ್ತಿಲ್ಲ."

ಬುಗುರಿ ಚಮಚ ಕಚ್ಚಿಕೊಂಡು ಪರಮಾನಂದದಿಂದ ಮೌನವಾದಳು.

ಸೋತೆನೆ? ಇಲ್ಲ! ವೈಜ್ಞಾನಿಕ ಪರೀಕ್ಷೆಯೊಂದು ಹೊಳೆಯಿತು. ಅಪ್ಪ ಇಲ್ಲದ, ಚಮಚ ಇಲ್ಲದ ಕೋಣೆಯಲ್ಲಿ ನನ್ನೆದುರು ಕೂರಿಸಿದಾಗ ಅವಳು 'ತಾತ' ಎಂದರೆ ಅದು ನಾನಲ್ಲದೆ ಮತ್ಯಾರು? ಅಂಥ ಕೋಣೆ ಲೋಕದಲ್ಲಿ ಒಂದೇ ಇತ್ತು. ಅದು ನನ್ನ ಘೋಷಣೆಯ ಕೋಣೆ. ಮರುದಿನ ಮಧ್ಯಾಹ್ನ ಮಗಳು ಅಳಿಯ ಹಲ್ಲಿನ ಡಾಕ್ಟರ ಹತ್ತಿರ ಹೋದದ್ದೇ ತಡ, ಬುಗುರಿಯನ್ನು ಎತ್ತಿಕೊಂಡೆ. ತೀರ್ಪುಗಾರಳಾಗಿ ಹೆಂಡತಿಯೂ ಹೊರಟಳು.

"ನಾನು ಬರ್ತಿರೋದು ತೀರ್ಪಿಗಲ್ಲ. ಮಗು ವಾಪಸ್ ಬರ್ಲಿ ಅಂತ," ಎಂದಳು.

ನನ್ನ ಕೋಣೆ ಪ್ಲಾಟ್‌ಫಾರಂಗಳ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುತ್ತದೆ. ಮುಂದೆ ದೊಡ್ಡ ಗಾಜು, ಮೇಜಿನ ಮೇಲೆ ಮೈಕು, ಅದರ ಬುಡದಲ್ಲಿ ಸ್ವಿಚ್ಚು. ಸ್ವಿಚ್ಚು ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ಆಮೇಲೆ ಇಲ್ಲಿ ಕೆಮ್ಮಿದರೂ ಕೆಳಗೆ ಗುಡುಗು. ಬುಗುರಿಯನ್ನು ಮೇಜಿನ ಮೇಲೆ ಕೂರಿಸಿದೆ.

"ನಾನು ಯಾರು ಹೇಳು?"

ಅವಳು ಫ್ಯಾನ್ ನೋಡಿದಳು. ನಾನು ಅವಳ ಜೊಲ್ಲು ಒರೆಸಲು ಬಗ್ಗಿದೆ. ನನ್ನ ಮೊಣಕೈ ಎಲ್ಲಿ ಊರಿತು ಎಂದು ನಾನು ನೋಡಲಿಲ್ಲ. ಮಗುವಿನ ಮುಖದ ಮುಂದೆ ಕೆಂಪು ದೀಪ ಯಾರಿಗೆ ಕಾಣುತ್ತದೆ!

"ಹೇಳು ಬಂಗಾರ, ಒಂದೇ ಒಂದ್ಸಲ! ನಿನ್ನ ಕಾಲು ಹಿಡ್ಕೋತೀನಿ ಕಣಮ್ಮ! ನಿಮ್ಮಪ್ಪನ ಮುಂದೆ ನನ್ನ ಮಾನ ಉಳಿಸು!"

ಗಾಜಿನಾಚೆ ಇಡೀ ನಿಲ್ದಾಣ ತಲೆಯೆತ್ತಿ ನೋಡುತ್ತಿತ್ತು. ನನ್ನ ಜನಪ್ರಿಯತೆ ನನಗೆ ಗೊತ್ತಿದ್ದದ್ದೇ ಎಂದುಕೊಂಡೆ.

ಆಗ ಬುಗುರಿ ಮೈಕನ್ನು ಎರಡೂ ಕೈಯಿಂದ ಅಪ್ಪಿಕೊಂಡು ಶಂಖನಾದ ಮಾಡಿದಳು: "ತಾ! ತಾ! ತಾತಾ! ಟಾಟಾ!"

"ಕೇಳಿದ್ಯಾ? ಕೇಳಿದ್ಯಾ?" ನಾನು ಹೆಂಡತಿಯ ಭುಜ ಹಿಡಿದು ಅಲುಗಿಸಿದೆ.

"ನಾನೊಬ್ಳೇ ಅಲ್ಲ ಕಣ್ರೀ, ಊರೆಲ್ಲ ಕೇಳ್ತು. ಕೆಳಗೆ ನೋಡಿ!"

ನೋಡಿದೆ. ಟಿಕೆಟ್ ಸಾಲಿನಲ್ಲಿದ್ದ ಪರದೇಶದ ಪ್ರವಾಸಿಯೊಬ್ಬ, ಪಾಪ, ಯಾವ ನಾಡಿನ ಅಪ್ಪನೋ, ತನ್ನ ಕೂಸೇ ಕರೆಯಿತೆಂದು ಬ್ಯಾಗು ಬಿಸಾಕಿ ಬೆಂಚುಗಳ ಕೆಳಗೆಲ್ಲ ಬಗ್ಗಿ ಹುಡುಕುತ್ತಿದ್ದ. ಹಮಾಲಿ 'ತಾ, ತಾ' ಎಂಬ ಅಪ್ಪಣೆಯನ್ನು ಶಿರಸಾವಹಿಸಿ, ಯಾರದೋ ಹಾಸಿಗೆ ಸುರುಳಿ, ಇನ್ಯಾರದೋ ಟ್ರಂಕು ಎಲ್ಲವನ್ನೂ ಗಾಡಿಗೆ ಹೇರಿ ನನ್ನ ಮೆಟ್ಟಿಲಿನತ್ತ ತಳ್ಳಿಕೊಂಡು ಬರುತ್ತಿದ್ದ. ಇನ್ನು ಎರಡನೇ ಪ್ಲಾಟ್‌ಫಾರಂನಲ್ಲಿ ಚಹಾ ಕುಡಿಯುತ್ತಿದ್ದ ಡ್ರೈವರು, 'ಟಾಟಾ' ಕೇಳಿದೊಡನೆ ಲೋಟ ಕೆಳಗಿಟ್ಟು, ಸೀಟಿಗೆ ಹಾರಿ, ಗೇರು ಹಾಕಿ, ಕೈಬೀಸುತ್ತ ಹೊರಟೇಬಿಟ್ಟ!

ಕೆಳಗಿಳಿದು ತಿನ್ನುತ್ತಿದ್ದ ಬಾಳೆಹಣ್ಣು ಹಿಡಿದುಕೊಂಡೇ ಪ್ರಯಾಣಿಕರು ಬಸ್ಸಿನ ಹಿಂದೆ ಓಡಿದರು. ಅವರ ಹಿಂದೆ ಕಂಡಕ್ಟರ್ ಓಡಿದ. ಅವನ ಟಿಕೆಟ್ ಯಂತ್ರದಿಂದ ಕಾಗದದ ಉದ್ದನೆಯ ಬಾಲ ಹಾರಾಡುತ್ತಿತ್ತು.

"ರೀ, ಬಸ್ಸು ಹೋಯ್ತು!"

"ಹೋಗ್ಲಿ ಬಿಡು! ಮಗು ತಾತ ಅಂತು!"

ಹೆಂಡತಿ ಕೆಂಪು ದೀಪದ ಕಡೆ ಬೆರಳು ತೋರಿಸಿದಳು. ತಪ್ಪನ್ನು ತಿದ್ದಲು ಮೈಕು ಕಿತ್ತುಕೊಂಡು, ಎದೆ ಸೀಳುವ ಹಾಗೆ "ನಿಲ್ಲಿಸೀ!" ಎಂದು ಗರ್ಜಿಸಿದೆ. ಹೊರಟ ಬಸ್ಸಿಗೆ ಅದು ಕೇಳಲಿಲ್ಲ. ಆದರೆ ಒಳಗೆ ಬರುತ್ತಿದ್ದ ಬಸ್ಸು ಗೇಟಿಗೆ ಅಡ್ಡಲಾಗಿ ನಿಂತಿತು. ಅದರ ಹಿಂದೆ ಒಂದು, ಒಂದರ ಹಿಂದೆ ಇನ್ನೊಂದು, ಹಾರನ್ನಿನ ಮೇಳವೇ ಎದ್ದಿತು. ಬುಗುರಿ ಚಪ್ಪಾಳೆ ತಟ್ಟಿದಳು.

ಕಬ್ಬಿಣದ ಮೆಟ್ಟಿಲು ಢಣಢಣ ಎಂದಿತು. ಬಂದವರು ನಿಲ್ದಾಣದ ಮೇಡಂ, ನನ್ನ ಮೇಲಧಿಕಾರಿ. ಅವರು ಸಿಟ್ಟಾದರೆ ಕೂಗುವುದಿಲ್ಲ, ಕನ್ನಡಕ ಒರೆಸುತ್ತಾರೆ. ಈಗ ಒರೆಸುತ್ತಿದ್ದರು. ಅವರ ಹಿಂದೆ ಆ ಡ್ರೈವರು. ಕಂಡಕ್ಟರ್ ಯಾರದೋ ಸ್ಕೂಟರಿನ ಹಿಂದೆ ಕೂತು ಬೆನ್ನಟ್ಟಿ, ಬಸ್ಸನ್ನು ತಿರುಗಿಸಿ ತಂದಿದ್ದನಂತೆ.

"ಯಾರನ್ನ ಕೇಳಿ ಹೊರಟ್ರಿ?" ಮೇಡಂ ಅವನನ್ನು ಕೇಳಿದರು.

"ಕೇಳೋದೇನು ಮೇಡಂ, ಮಗು ಟಾಟಾ ಅಂತಲ್ಲ! ನಮ್ಮ ಮನೇಲಿ ಮಗು ಟಾಟಾ ಅಂದಮೇಲೂ ನಿಂತ್ರೆ ರಂಪ ಮಾಡತ್ತೆ. ಅಭ್ಯಾಸ, ಹೊರಟುಬಿಟ್ಟೆ."

ಮೇಡಂ ನನ್ನತ್ತ ತಿರುಗಿದರು. ಕೆಲಸ ಹೋಯಿತು ಎಂದುಕೊಂಡೆ. ಕೆಲಸಕ್ಕಿಂತ ಹೆಚ್ಚಾಗಿ, ಬೇರೆಯವರು ಯಾರೋ ಈ ಕುರ್ಚಿಯಲ್ಲಿ ಕೂತು 'ಗಮನಕ್ಕೆ' ಎನ್ನುತ್ತಾರಲ್ಲ ಎಂದು ಮೈಕನ್ನು ಎದೆಗೆ ಒತ್ತಿಕೊಂಡೆ. ಅಷ್ಟರಲ್ಲಿ ಬುಗುರಿ ಮೇಡಂ ಕಡೆಗೆ ಎರಡೂ ಕೈ ಚಾಚಿ, ನನಗೆ ಒಮ್ಮೆಯೂ ತೋರಿಸದ ನಗೆಯೊಂದನ್ನು ತೋರಿಸಿ ಅಂದಳು: "ತಾತ!"

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುವಿಗಲ್ಲ.

ಮೇಡಂ ಮಗುವನ್ನೆತ್ತಿಕೊಂಡರು. ಆಮೇಲೆ ನನ್ನನ್ನು ಕೇಳಿದರು: "ಆ ಬಸ್ಸು ಎಷ್ಟೊತ್ತಿಗೆ ಹೊರಡಬೇಕಿತ್ತು?"

"ಮೂರೂವರೆಗೆ, ಮೇಡಂ."

"ಹೊರಟಿದ್ದು?"

ತಲೆ ತಗ್ಗಿಸಿ ಹೇಳಿದೆ: "ಮೂರೂವರೆಗೇ."

"ನಾನು ಈ ನಿಲ್ದಾಣಕ್ಕೆ ಬಂದಮೇಲೆ ಆ ಬಸ್ಸು ಟೈಮಿಗೆ ಸರಿಯಾಗಿ ಹೊರಟಿದ್ದು ಇದೇ ಮೊದಲು." ಮೇಡಂ ಕನ್ನಡಕ ಹಾಕಿಕೊಂಡರು. "ನಾಳೆಯಿಂದ ದಿನಾ ಈ ಹೊತ್ತಿಗೆ ಮೊಮ್ಮಗಳನ್ನ ಕಳಿಸಿ. ನೀವು ಬರದಿದ್ರೂ ನಡೆಯತ್ತೆ!"